ತಂದೆ ಯಾರೆಂದು ಕೇಳುತ್ತಿದ್ದ ಮೇಡಂ

ಗಿರಿಜಾ ಮೇಡಂ ಯಾರನ್ನು ಕಂಡರೂ ಮೊದಲು ನೋಡುತ್ತಿದ್ದದ್ದು ಕಣ್ಣಿನ ಕೆಳರೆಪ್ಪೆಯನ್ನು. ಕುರಿಯಾದರೂ ಅಷ್ಟೆ, ಮನುಷ್ಯರಾದರೂ ಅಷ್ಟೆ. ಹೆಬ್ಬೆರಳಿನಿಂದ ರೆಪ್ಪೆಯನ್ನು ಕೆಳಕ್ಕೆ ಜಗ್ಗಿ, ಒಳಗೆ ಕೆಂಪಗಿದೆಯೋ ಬಿಳಿಚಿದೆಯೋ ನೋಡಿ, ಕೈಬಿಟ್ಟು, ಆಮೇಲೆ ‘ಏನಪ್ಪ, ಚೆನ್ನಾಗಿದೀಯಾ?’ ಎಂದು ಕೇಳುತ್ತಿದ್ದರು. ಉತ್ತರಕ್ಕೆ ಕಾಯುತ್ತಿರಲಿಲ್ಲ. ಅಷ್ಟರಲ್ಲಿ ಅವರು ಇನ್ನೊಂದು ಕುರಿಯ ಹತ್ತಿರ ಹೋಗಿಯಾಗಿರುತ್ತಿತ್ತು.

ತೊಂಬತ್ತರ ದಶಕದ ನಡುವಿನ ಮಾತು. ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿಯಿಂದ ಆಚೆಗೆ ನಮ್ಮ ಹಟ್ಟಿ. ಆ ವರ್ಷ ಮಳೆ ಬಿಡದೆ ಹಿಡಿದು, ಹುಲ್ಲು ಮೊಣಕಾಲುದ್ದ ಬಂದಿತ್ತು. ಹುಲ್ಲಿನ ಹಿಂದೆಯೇ ಹೊಟ್ಟೆಹುಳವೂ ಬಂತು. ಕುರಿಗಳ ಗದ್ದದ ಕೆಳಗೆ ನೀರು ತುಂಬಿದ ಚೀಲದಂತೆ ಬಾವು ಇಳಿಯುತ್ತಿತ್ತು. ನಾಲ್ಕು ದಿನ ಕಾಲೆಳೆದು ಬಿದ್ದು ಹೋಗುತ್ತಿದ್ದವು. ಸುತ್ತಲಿನ ಹಿಂಡುಗಳಲ್ಲಿ ಬಹಳ ಹೋದವು. ನನ್ನ ಹಿಂಡಿನಲ್ಲೂ ಹೋದವು, ಆದರೆ ಕೆಲವು ಮಾತ್ರ ಅದೇ ಹುಲ್ಲು ಮೇದು, ಅದೇ ನೀರು ಕುಡಿದು ಗಟ್ಟಿಯಾಗಿ ನಿಂತಿದ್ದವು. ಹಿರಿಯೂರಿನ ಪಶು ಆಸ್ಪತ್ರೆಯಲ್ಲಿ ಈ ಮಾತನ್ನು ನಾನೇ ಹೆಮ್ಮೆಯಿಂದ ಹೇಳಿಕೊಂಡಿದ್ದೆ. ಅದು ಯಾರ ಬಾಯಿಂದ ಯಾರ ಕಿವಿಗೆ ಹೋಯಿತೋ, ಹದಿನೈದು ದಿನಕ್ಕೆ ಕುರಿ ಕೂಡುವ ನಮ್ಮ ರೊಪ್ಪದ ಮುಂದೆ ವಿಶ್ವವಿದ್ಯಾಲಯದ ಜೀಪು ನಿಂತಿತ್ತು.

ಅದರಿಂದ ಇಳಿದ ಹೆಂಗಸಿಗೆ ಐವತ್ತರ ಹತ್ತಿರ ವಯಸ್ಸು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದರು, ಕಾಲಲ್ಲಿ ಗಂಡಸರ ಕ್ಯಾನ್ವಾಸ್ ಬೂಟು. ಡ್ರೈವರ್ ಐಸ್ ಪೆಟ್ಟಿಗೆ ಇಳಿಸುವ ಮೊದಲೇ ಹಿಂಡಿನ ನಡುವೆ ಹೋಗಿ ನಿಂತುಬಿಟ್ಟಿದ್ದರು.

‘ಯಾರಮ್ಮ ನೀವು? ಹೇಳದೆ ಕೇಳದೆ ರೊಪ್ಪದೊಳಗೆ ನುಗ್ಗಿದ್ರೆ ಕುರಿ ಬೆದರ್ತಾವೆ’ ಎಂದೆ.

‘ಕುರಿ ಬೆದರಿಲ್ಲ ಬಿಡಪ್ಪ, ನೀನು ಬೆದರಿದೀಯ’ ಎಂದು ನನ್ನ ಕಡೆ ಬಂದವರೇ, ನನ್ನ ರೆಪ್ಪೆಯನ್ನೂ ಜಗ್ಗಿ ನೋಡಿದರು. ‘ಥೂ, ಕುರಿಗಿಂತ ನೀನೇ ಬಿಳಿಚ್ಕೊಂಡಿದೀಯಲ್ಲೋ! ಅವುಕ್ಕೆ ಹುಳದ ಔಷಧಿ ಹಾಕೋವಾಗ ನೀನೂ ಒಂದು ಗುಟುಕು ಕುಡಿ.’

ನನ್ನ ಹೆಂಡತಿ ಹನುಮಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ನನಗೆ ಮೈಯೆಲ್ಲ ಉರಿಯಿತು. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಬಿಡಿಸಿದ್ದಲ್ಲ, ನಾನೇ ಬಿಟ್ಟೆ. ಅಪ್ಪನ ಕಾಲಿಗೆ ಏಟಾಗಿ ಹಿಂಡು ನೋಡುವವರಿರಲಿಲ್ಲ. ಅಂದಿನಿಂದ ಯಾರ ಮನೆಯಲ್ಲೂ ಕೂಲಿಗೆ ನಿಂತಿಲ್ಲ, ಯಾರಿಂದಲೂ ಒಂದು ಮಾತು ಅನ್ನಿಸಿಕೊಂಡಿಲ್ಲ. ನೂರಿಪ್ಪತ್ತು ಕುರಿಗಳಲ್ಲಿ ಯಾವುದನ್ನು ತೋರಿಸಿದರೂ ಅದರ ತಾಯಿ, ಅಜ್ಜಿ, ಅಜ್ಜಿಯ ಅಕ್ಕತಂಗಿಯರನ್ನೆಲ್ಲ ಹೇಳಬಲ್ಲೆ. ಅಂಥವನ ರೆಪ್ಪೆಯನ್ನು ಗುರುತು ಪರಿಚಯವಿಲ್ಲದವರು ಬಂದು ಎಳೆಯುವುದೆಂದರೇನು? ಹಾಗೆಂದು ಹೇಳಿಯೂ ಬಿಟ್ಟೆ.

‘ಅಜ್ಜಿ ತನಕ ಹೇಳ್ತೀಯಾ?’ ಎಂದು ಮೇಡಂ ಥಟ್ಟನೆ ತಿರುಗಿದರು. ಅವರ ಕಣ್ಣು ಹೊಳೆದದ್ದನ್ನು ಅಂದು ಮೊದಲ ಸಲ ನೋಡಿದೆ. ‘ಹಂಗಾದ್ರೆ ಅಪ್ಪನ್ನ ಹೇಳು. ಇಗಾ, ಈ ಗಟ್ಟಿ ಕುರಿ ಐತಲ್ಲ, ಇದರಪ್ಪ ಯಾರು?’

ಅಂದು ಶುರುವಾದ ಪ್ರಶ್ನೆ ಏಳೆಂಟು ವರ್ಷ ನನ್ನ ಬೆನ್ನು ಬಿಡಲಿಲ್ಲ.

ಅವರ ಕೆಲಸ ಏನೆಂದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. ವಿಶ್ವವಿದ್ಯಾಲಯದಲ್ಲಿ ಮಾಲಿಕ್ಯುಲರ್ ಬಯಾಲಜಿ ಎಂಬ ವಿಭಾಗ. ಜೀವದ ಒಳಗಿನ ಜೀವವನ್ನು, ಕಣ್ಣಿಗೆ ಕಾಣದಷ್ಟು ಸಣ್ಣದನ್ನು ಬಿಡಿಸಿ ನೋಡುವ ಕಡೆ. ‘ಹುಳ ಎಲ್ಲಾ ಕುರಿಗೂ ಹತ್ತುತ್ತೆ ಕಣಪ್ಪ. ಕೆಲವು ಬೀಳ್ತಾವೆ, ಕೆಲವು ಬೀಳಲ್ಲ. ಆ ಗಟ್ಟಿತನ ಅವ್ವನಿಂದ ಬಂತಾ, ಅಪ್ಪನಿಂದ ಬಂತಾ? ರಕ್ತದಾಗೆ ಬರೆದಿರ್ತೈತೆ. ಅದನ್ನ ಓದಾಕೆ ಕಲ್ತೀನಿ, ಓದ್ತೀನಿ’ ಎಂದು ಅವರು ಒಂದೇ ಉಸಿರಿನಲ್ಲಿ ಹೇಳಿದ್ದರು. ರಕ್ತ ಎಳೆದು ಸಣ್ಣ ಸಣ್ಣ ಕೊಳವೆಗೆ ತುಂಬಿ, ಐಸಿನಲ್ಲಿಟ್ಟು ಒಯ್ಯುತ್ತಿದ್ದರು. ಕೊಳವೆಗೆ ಒಂದು ನಂಬರು, ಉದ್ದನೆಯ ರಿಜಿಸ್ಟರಿನಲ್ಲಿ ಅದೇ ನಂಬರಿನ ಮುಂದೆ ಎರಡು ಕಾಲಂ: ತಾಯಿ, ತಂದೆ. ನಾನು ಹೇಳುತ್ತಿದ್ದೆ, ಅವರು ಬರೆಯುತ್ತಿದ್ದರು. ಇಷ್ಟು ಓದಿದವರು ನನ್ನ ಬಾಯನ್ನೇ ನೋಡುತ್ತ ಬರೆದುಕೊಳ್ಳುವಾಗ ನನ್ನ ಎದೆ ಎರಡು ಬೆರಳು ಅಗಲವಾಗುತ್ತಿದ್ದದ್ದು ಸುಳ್ಳಲ್ಲ.

ಅವರು ನಮ್ಮ ಕಡೆಯವರೇ. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಅವರ ಅಪ್ಪ ಪಾಯಿಂಟ್ಸ್‌ಮನ್ ಆಗಿದ್ದರಂತೆ, ಬರುವ ರೈಲು ಯಾವ ಹಳಿಗೆ ಹೋಗಬೇಕೋ ಆ ಹಳಿಗೆ ತಿರುಗಿಸುವ ಕೆಲಸ. ಹಳಿಯ ಪಕ್ಕದ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವರು. ‘ಗಾಡಿ ಬಂದ್ರೆ ಮನೆ ಗಡಗಡ ಅಲ್ಲಾಡೋದು. ತೊಟ್ಟಿಲು ತೂಗೋ ಕೆಲ್ಸಾನೇ ಇರ್ಲಿಲ್ಲ ನಮ್ಮವ್ವಂಗೆ. ಅಂಥ ಮನೇಲಿ ಹುಟ್ಟಿದೋಳು ಹೆಂಗೆ ಸುಮ್ನೆ ಕೂರ್ಲಿ ಹೇಳು?’ ಎನ್ನುತ್ತಿದ್ದರು. ನಿಜಕ್ಕೂ ಕೂರುತ್ತಿರಲಿಲ್ಲ. ಊಟವೂ ನಿಂತೇ. ಹನುಮಕ್ಕ ಮುದ್ದೆ ಮುರಿದಿಟ್ಟು ಕಂಬಳಿ ಹಾಸಿ, ‘ಕುಂತ್ಕಳ್ರಿ ಮೇಡಮ್ಮಾರೆ, ನಿಂತು ತಿಂದ್ರೆ ಮುದ್ದೆ ಮೊಣಕಾಲಿಗೆ ಇಳಿತೈತೆ’ ಎಂದರೆ, ‘ಐಸ್ ಕರಗ್ತೈತೆ ಹನುಮಕ್ಕ. ನಿನ್ ಮುದ್ದೆ ಮುಗೀಲಿ ಅಂತ ಅದು ಕಾಯಲ್ಲ’ ಎಂದು ತಟ್ಟೆಯನ್ನು ಎಡಗೈಯಲ್ಲಿ ಹಿಡಿದು ರೊಪ್ಪದ ಸುತ್ತ ತಿರುಗುತ್ತಲೇ ತಿನ್ನುತ್ತಿದ್ದರು. ಅವರು ಹೋದ ಮೇಲೂ ಒಂದು ಗಳಿಗೆ ಕುರಿಗಳು ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿರುತ್ತಿದ್ದವು.

ಎರಡನೇ ವರ್ಷದಿಂದ ನನ್ನನ್ನೂ ಜೀಪಿಗೆ ಹತ್ತಿಸಿಕೊಂಡರು. ಹೊಸದುರ್ಗದ ಕಡೆ, ಹೊಳಲ್ಕೆರೆಯ ಕಡೆ, ಎಲ್ಲಿ ಹಿಂಡು ಬೀಡುಬಿಟ್ಟಿದೆಯೋ ಅಲ್ಲಿಗೆ. ಕುರಿಯವರು ಅವರ ಮಾತಿಗಿಂತ ನನ್ನ ಮಾತು ಬೇಗ ಕೇಳುತ್ತಿದ್ದರು. ಹೊಸದುರ್ಗದ ಹತ್ತಿರ ಒಬ್ಬ ಮುದುಕ ಸೂಜಿ ಕಂಡದ್ದೇ ಕೋಲು ಎತ್ತಿಕೊಂಡು ಅಡ್ಡ ನಿಂತ.

‘ಹಾಲು ಕೇಳಿದ್ರೆ ಕೊಡ್ತೀನವ್ವ, ಉಣ್ಣೆ ಕೇಳಿದ್ರೆ ಕೊಡ್ತೀನಿ. ಜೀವಂತ ಇರೋ ಕುರಿ ರಕ್ತ ತಗಂಡೋಗಿ ಏನ್ ಮಾಡ್ತೀಯ? ಸಾರು ಮಾಡ್ತೀಯಾ?’

‘ಸಾರಿಗೆ ಸಾಲಲ್ಲ ಕಣಜ್ಜ, ಒಗ್ಗರಣೆಗೂ ಸಾಲಲ್ಲ. ನಿನ್ ಸೊಸೆ ಮುಟ್ಟೋದಿಲ್ಲ’ ಎಂದು ಮೇಡಂ ಕೊಳವೆ ತೋರಿಸಿದರು. ಮುದುಕನ ಸೊಸೆ ಗುಡಿಸಲೊಳಗಿನಿಂದ ಕಿಸಕ್ಕನೆ ನಕ್ಕಳು. ಕೋಲು ಇಳಿಯಿತು.

ದಾರಿಯುದ್ದಕ್ಕೂ ಮೇಡಂ ತಮ್ಮ ವಿಭಾಗದವರ ಕಥೆ ಹೇಳುತ್ತಿದ್ದರು. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹುಚ್ಚಂತೆ. ಒಬ್ಬರು ಹನ್ನೆರಡು ವರ್ಷದಿಂದ ಈಸ್ಟಿಗೆ, ಅಂದರೆ ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಹುಳಿಗೆ, ವಯಸ್ಸು ಹೇಗಾಗುತ್ತದೆ ಎಂದು ನೋಡುತ್ತಿದ್ದಾರೆ. ‘ಈಸ್ಟು ಹಂಗೇ ಐತೆ, ಅವರ ತಲೆ ಪೂರಾ ಹಣ್ಣಾಯ್ತು.’ ಇನ್ನೊಬ್ಬರು ರೇಷ್ಮೆಹುಳಕ್ಕೆ ಬರುವ ರೋಗದ ಹಿಂದೆ. ಇನ್ನೊಬ್ಬರು ಭತ್ತದ ಎಲೆ ಸುಡುವ ಬೂಷ್ಟಿನ ಹಿಂದೆ. ಅವರ ಮನೆಯಲ್ಲಿ ಅನ್ನಕ್ಕೆ ಬೂಷ್ಟು ಹಿಡಿದರೂ ಹೆಂಡತಿಯನ್ನು ಬೈಯುವುದಿಲ್ಲವಂತೆ, ಗಾಜಿನ ತಟ್ಟೆಗೆ ಎತ್ತಿಡುತ್ತಾರಂತೆ. ಒಬ್ಬ ಹೆಣ್ಣುಮಗಳು ಎಲೆಅಡಿಕೆ, ತಂಬಾಕು ಹಾಕುವವರ ಬಾಯಿಹುಣ್ಣು ಯಾವ ಗಳಿಗೆಯಲ್ಲಿ ಕ್ಯಾನ್ಸರಿಗೆ ತಿರುಗುತ್ತದೆ ಎಂದು ಹುಡುಕುತ್ತಿದ್ದಾಳೆ. ಅದನ್ನು ಕೇಳಿದ ದಿನ ನಮ್ಮ ಜೀಪಿನ ಡ್ರೈವರ್ ಬಾಯಲ್ಲಿದ್ದದ್ದನ್ನು ಕಿಟಕಿಯಾಚೆ ಉಗುಳಿ, ಹೊಳಲ್ಕೆರೆ ಬರುವವರೆಗೆ ಎಲೆಅಡಿಕೆ ಚೀಲಕ್ಕೆ ಕೈ ಹಾಕಲಿಲ್ಲ.

‘ನನ್ನ ಕಂಡ್ರೆ ಅವರಿಗೆಲ್ಲ ನಗು ಕಣಪ್ಪ ಮೂಡ್ಲಪ್ಪ. ಅವರ ಕೆಲಸ ಎಲ್ಲಾ ಕೋಣೆಯೊಳಗೆ, ಮುಚ್ಚಳ ಹಾಕಿದ ಡಬ್ಬಿಯೊಳಗೆ. ನಾನೊಬ್ಳು ಕುರಿ ಹಿಕ್ಕೆ ತುಳ್ಕಂಡು ಬರ್ತೀನಿ. ಡಬ್ಬಿ ಸುಳ್ಳು ಹೇಳಲ್ಲ, ನಿನ್ನ ಕುರಿಯೋರು ಹೇಳ್ತಾರೆ ಅಂತಾರೆ ಅವರು.’

‘ಬ್ಯಾರೇರ ಮಾತು ನಂಗೊತ್ತಿಲ್ಲ. ನಾನು ಹೇಳಿದ್ದು ಸುಳ್ಳಾದ್ರೆ ಈ ಮೀಸೆ ಬೋಳಿಸ್ತೀನಿ ಅಂತ ಹೇಳ್ರಿ ಅವರಿಗೆ’ ಎಂದೆ.

ಮೂರನೇ ವರ್ಷದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಜೀಪು ಬಂತು. ಐಸ್ ಪೆಟ್ಟಿಗೆ ಇರಲಿಲ್ಲ. ಮೇಡಂ ನನ್ನ ಕಣ್ಣನ್ನೂ ನೋಡಲಿಲ್ಲ, ಕುರಿಯ ಕಣ್ಣನ್ನೂ ನೋಡಲಿಲ್ಲ. ರಿಜಿಸ್ಟರನ್ನು ರೊಪ್ಪದ ಕಲ್ಲಿನ ಮೇಲೆ ಹಾಕಿದರು.

‘ಮರಿ ರಕ್ತದಾಗೆ ಅರ್ಧ ಅವ್ವನ ಗುರುತು, ಅರ್ಧ ಅಪ್ಪನ ಗುರುತು ಇರ್ಬೇಕು. ಅವ್ವಂದು ಎಲ್ಲಾ ಸರಿ ಕೂಡ್ತೈತೆ. ನೀನು ಹೇಳಿದ್ದು ಒಂದೂ ತಪ್ಪಿಲ್ಲ. ಅಪ್ಪಂದು ಕೂಡಲ್ಲ. ನಿಮ್ಮ ಹಟ್ಟಿ ಹಿಂಡುಗಳಲ್ಲಿ ಹುಳಕ್ಕೆ ಜಗ್ಗದ ಗಟ್ಟಿ ಮರಿಗಳು ಅವೆಯಲ್ಲ, ಅವುಕ್ಕೆಲ್ಲ ಅಪ್ಪ ಒಬ್ನೇ. ಅದು ನಿನ್ನ ಬಿಳಿಮೂತಿ ಟಗರಲ್ಲ. ಪಕ್ಕದ ಹಿಂಡಿನ ಟಗರೂ ಅಲ್ಲ. ನನ್ ಪುಸ್ತಕದಾಗೆ ಇಲ್ದೇ ಇರೋ ಯಾವನೋ ಒಬ್ಬ.’

‘ನಿಮ್ಮ ಮಿಷಿನ್ ತಪ್ಪಿರ್ತೈತೆ.’

‘ಮೂರು ಸಲ ಮಾಡೀನಿ.’

‘ಹಂಗಾದ್ರೆ ನಾನು ಸುಳ್ಳು ಹೇಳ್ದೆ ಅಂತೀರಾ?’

ಅವರು ಅತ್ತಿಂದಿತ್ತ ಓಡಾಡಿದರು. ಮುಂದಿನ ತಿಂಗಳು ವಿಭಾಗದ ಎಲ್ಲರ ಮುಂದೆ ನಿಂತು ಈ ಮೂರು ವರ್ಷದ ಕೆಲಸ ಒಪ್ಪಿಸಬೇಕಂತೆ. ತಂದೆಯ ಕಾಲಂ ಹೀಗೇ ಇದ್ದರೆ ರಿಜಿಸ್ಟರೇ ಕೆಲಸಕ್ಕೆ ಬಾರದ್ದು, ಕುರಿಯ ಕೆಲಸ ಅಲ್ಲಿಗೆ ನಿಲ್ಲುತ್ತದೆ. ‘ಯಾರೋ ಒಬ್ರು ಸುಳ್ಳು ಹೇಳ್ತಾ ಇದೀರಿ ಮೂಡ್ಲಪ್ಪ. ಕುರಿ ಅಂತೂ ಅಲ್ಲ’ ಎಂದರು.

‘ಸ್ಕೂಲು ಬಿಟ್ಟೀನಿ ಮೇಡಂ, ಮಾತು ಬಿಟ್ಟಿಲ್ಲ. ಇನ್ ನೀವು ನಮ್ಮ ರೊಪ್ಪಕ್ಕೆ ಬರಬ್ಯಾಡ್ರಿ’ ಎಂದುಬಿಟ್ಟೆ.

ಅವರು ರಿಜಿಸ್ಟರ್ ಎತ್ತಿಕೊಂಡು ಜೀಪು ಹತ್ತಿದರು.

ಆಮೇಲಿನ ದಿನಗಳಲ್ಲಿ ನನಗೆ ಒಂದು ಕಡೆ ನಿಲ್ಲಲಾಗಲಿಲ್ಲ. ಕುರಿ ಮೇಯಿಸುತ್ತ ಮೇಯಿಸುತ್ತ ಒಂದೊಂದನ್ನೇ ಹಿಡಿದು ನೋಡುತ್ತಿದ್ದೆ. ಕೆಂಚಿಯ ಮರಿ, ಅಪ್ಪ ಬಿಳಿಮೂತಿ. ಬೋಳಿಯ ಮರಿ, ಅಪ್ಪ ಬಿಳಿಮೂತಿ. ಸರಿಯಾಗಿಯೇ ಇದೆಯಲ್ಲ! ಊಟಕ್ಕೂ ಕೂರದೆ ಹಿಂಡಿನ ಸುತ್ತ ತಿರುಗುತ್ತಿದ್ದೆ. ಹನುಮಕ್ಕ, ‘ಮೇಡಮ್ಮಾರ ಹುಚ್ಚು ನಿನಗೂ ಹತ್ತಿತು. ನೀನೂ ನಿಂತೇ ಉಣ್ತೀಯ ಈಗ’ ಎಂದಳು.

ಹಾಗೆಯೇ ಒಂದು ಬೆಳಿಗ್ಗೆ ಅವಳು ಮೊರದಲ್ಲಿ ಜೋಳ ಹಿಡಿದು ಹೊರಗೆ ಬಂದಳು. ‘ಬೀರಪ್ಪ ಬಂದವ್ನೆ, ದಾರಿ ಬಿಡು’ ಎಂದಳು. ನಮ್ಮ ದೇವರಾದ ಬೀರಪ್ಪನ ಹೆಸರಿಗೆ ಬಿಟ್ಟ ಟಗರು ಅದು. ಕತ್ತರಿ ಕಾಣದ ಉಣ್ಣೆ ನೆಲಕ್ಕೆ ಜೋಲುತ್ತಿತ್ತು. ಅದಕ್ಕೆ ಯಜಮಾನನಿಲ್ಲ, ಕಟ್ಟುವವರಿಲ್ಲ, ಯಾವ ಹಿಂಡಿಗಾದರೂ ನುಗ್ಗುತ್ತದೆ, ಬೇಕಾದಷ್ಟು ದಿನ ಇದ್ದು ಹೋಗುತ್ತದೆ. ಜೋಳ ತಿಂದು ನನ್ನ ಹಿಂಡಿನೊಳಗೆ ಹೋಯಿತು. ನನ್ನ ಕಣ್ಣೆದುರೇ ಕೆಂಚಿಯನ್ನು ಹತ್ತಿತು. ನಾನು ವಾಡಿಕೆಯಂತೆ ಮುಖ ಆಚೆ ತಿರುಗಿಸಿದೆ.

ತಿರುಗಿಸಿದ ಮುಖ ಅಲ್ಲೇ ನಿಂತಿತು.

ನಮ್ಮ ಹಟ್ಟಿಯಲ್ಲಿ ಒಂದು ಕಟ್ಟಳೆ ಇದೆ. ಬೀರಪ್ಪನ ಟಗರನ್ನು ಎಣಿಸಬಾರದು, ಅದು ಮಾಡಿದ್ದನ್ನು ನೋಡಬಾರದು. ಇದು ಅದರ ಮರಿ ಎಂದು ಬಾಯಿಬಿಟ್ಟು ಹೇಳಿದರೆ ಆ ಮರಿಯೂ ದೇವರದೇ ಆಗುತ್ತದೆ, ಗುಡಿಗೆ ಬಿಡಬೇಕು. ಅದಕ್ಕೇ ಯಾರೂ ಹೇಳುವುದಿಲ್ಲ. ನಮ್ಮ ಹಿಂಡಿನಲ್ಲಿ ಹುಟ್ಟಿದ್ದೆಲ್ಲ ನಮ್ಮ ಟಗರಿನದು. ನಮ್ಮಪ್ಪ ಹಾಗೇ ಹೇಳಿದ, ಅವರಪ್ಪ ಹಾಗೇ ಹೇಳಿದ. ಹೇಳಿ ಹೇಳಿ ನಮಗೆ ಅದು ಸುಳ್ಳೆಂದು ಅನ್ನಿಸುವುದೇ ನಿಂತುಹೋಗಿತ್ತು. ಮೂರು ವರ್ಷ ಅವರ ಮುಖ ನೋಡಿ ನಾನು ಬರೆಸಿದ್ದು ಅದನ್ನೇ.

ಮರುದಿನ ಬೆಳಿಗ್ಗೆ ಹಿರಿಯೂರಿಗೆ ಹೋಗಿ ಬಸ್ಸು ಹತ್ತಿದೆ. ವಿಶ್ವವಿದ್ಯಾಲಯ ಎಂದರೆ ಒಂದು ಕಟ್ಟಡ ಅಂದುಕೊಂಡಿದ್ದೆ, ಅದೊಂದು ಊರು. ನಾಲ್ಕು ಕಡೆ ಕೇಳಿ, ಎರಡು ಕಡೆ ದಾರಿ ತಪ್ಪಿ ಆ ವಿಭಾಗ ಸೇರಿದೆ. ಬಾಗಿಲಲ್ಲಿ ಗೋಡೆಗೆ ದೊಡ್ಡ ಬೋರ್ಡು. ಒಬ್ಬೊಬ್ಬರ ಹೆಸರು, ಅದರ ಮುಂದೆ ಕನ್ನಡದಲ್ಲೂ ‘ಸಂಶೋಧನಾ ಆಸಕ್ತಿ’ ಎಂದು ಬರೆದಿತ್ತು. ಅಕ್ಷರ ಕೂಡಿಸಿಕೊಂಡು ಓದುತ್ತ ನಿಂತೆ. ಈಸ್ಟಿನವರು, ರೇಷ್ಮೆಹುಳದವರು, ಬೂಷ್ಟಿನವರು ಎಲ್ಲರೂ ಇದ್ದರು. ಕೊನೆಯಲ್ಲಿ ‘ಕುರಿಗಳಲ್ಲಿ ಜಂತುರೋಗ ನಿರೋಧ’. ಅದರ ಮುಂದೆ ಗಿರಿಜಾ ಮೇಡಂ ಹೆಸರು.

‘ಯಾರು ಬೇಕಿತ್ತು?’ ಎಂದು ತಲೆ ಪೂರಾ ಬಿಳಿಯಾದವರೊಬ್ಬರು ಕೇಳಿದರು.

‘ಈಸ್ಟ್ ಸಾಹೇಬ್ರಲ್ವ್ರಾ ನೀವು?’ ಎಂದೆ. ಅವರು ಬೆರಗಾಗಿ ತಾವೇ ನನ್ನನ್ನು ಮೇಡಂ ಕೋಣೆಗೆ ಕರೆದೊಯ್ದರು.

ಮೇಡಂ ಕೊಳವೆಗಳ ನಡುವೆ ನಿಂತಿದ್ದರು. ನನ್ನನ್ನು ಕಂಡು ಕೈಯಲ್ಲಿದ್ದದ್ದನ್ನು ಕೆಳಗಿಟ್ಟರು. ನಾನು ಏನು ಹೇಳಬೇಕೆಂದು ಬಸ್ಸಿನಲ್ಲಿ ಕಟ್ಟಿಕೊಂಡು ಬಂದದ್ದೆಲ್ಲ ಮರೆತುಹೋಗಿ, ‘ಅಲ್ಲ ಮೇಡಂ, ಬೋರ್ಡಿನ ಮ್ಯಾಲೆ ಆಸಕ್ತಿ ಅಂತ ಯಾಕೆ ಬರ್ದವ್ರೆ? ಕೆಲಸ ಅಂತ ಬರೀಬೇಕಲ್ವಾ?’ ಎಂದೆ.

‘ಕೆಲಸ ಅಂತ ಬರೆದ್ರೆ ಮುಗಿಸ್ಬೇಕಾಗ್ತೈತಲ್ಲಪ್ಪ’ ಎಂದರು. ನಗಲಿಲ್ಲ. ‘ಅದನ್ನ ಕೇಳಾಕೆ ಬಂದ್ಯಾ?’

‘ಇಲ್ಲ. ಸುಳ್ಳು ಹೇಳ್ದೋನು ನಾನೇ ಅಂತ ಹೇಳಾಕೆ ಬಂದೆ.’

ಟಗರಿನ ವಿಷಯ ಎಲ್ಲ ಹೇಳಿದೆ. ಕಟ್ಟಳೆಯ ವಿಷಯವನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಎರಡು ಸಲ ನಡೆದರು. ಆಮೇಲೆ ಈಸ್ಟ್ ಸಾಹೇಬರ ಕಡೆ ತಿರುಗಿ, ‘ಕೇಳಿಸ್ತಾ ಸರ್? ನಿಮ್ಮ ಡಬ್ಬಿ ಇಷ್ಟು ದೂರ ಬಸ್ಸು ಹತ್ಕೊಂಡು ಬಂದು ನನ್ದು ತಪ್ಪಾಯ್ತು ಅಂತ ಯಾವತ್ತಾದ್ರೂ ಹೇಳೈತಾ?’ ಎಂದರು. ಸಾಹೇಬರು ಕನ್ನಡಕ ಒರೆಸಿಕೊಂಡರು.

‘ಮೂಡ್ಲಪ್ಪ, ನೀನು ಹೇಳಿದ್ದು ನಿಜ ಇರಬಹುದು. ಆದ್ರೆ ನಿನ್ನ ಮಾತು ನಂಬಿ ಒಂದ್ಸಲ ಕೆಟ್ಟೀನಿ. ಈಗ ಆ ಟಗರಿನ ರಕ್ತ ಬೇಕು.’

‘ಅದಕ್ಕೆ ಕಬ್ಬಿಣ ಸೋಕಬಾರ್ದು ಮೇಡಂ. ಕತ್ತರೀನೇ ಹಾಕಲ್ಲ, ಇನ್ ಸೂಜಿ ಎಲ್ಲಿ ಬಂತು?’

‘ಬೆರಳು ಸೋಕಬೌದಾ?’

‘ಸೋಕಬೌದು.’

‘ಸಾಕು ಬಿಡು. ಬುಡ ಸಮೇತ ಹತ್ತು ಕೂದಲು ಬಂದ್ರೂ ಸಾಕು. ನಡಿ, ಹೋಗಾಣ’ ಎಂದು ಆಗಲೇ ಬಾಗಿಲಲ್ಲಿದ್ದರು.

ಹಟ್ಟಿಗೆ ಬಂದು ಪೂಜಾರಿ ಕರಿಯಜ್ಜನ ಅಪ್ಪಣೆ ಕೇಳಬೇಕಾಯಿತು. ಗುಡಿಯ ಮುಂದೆ ನಾಲ್ಕು ಜನ ಸೇರಿದ್ದರು. ಯಾಕೆ ಬೇಕು ಕೂದಲು ಎಂದು ಅಜ್ಜ ಕೇಳಿದ. ಮೇಡಂ ಬಾಯಿ ತೆರೆದರು, ನಾನು ತಡೆದೆ. ಅವರು ಹೇಳಿದರೆ ಅದು ಓದಿದವರ ಮಾತಾಗುತ್ತಿತ್ತು.

‘ನನ್ನ ಹಿಂಡಿನಾಗೆ ಬೀರಪ್ಪನ ಮರಿ ಅವೆ ಅಜ್ಜ. ನನ್ನ ಟಗರಿನವು ಅಂತ ಇವರಿಗೆ ಬರೆಸಿದ್ದೆ’ ಎಂದೆ.

ಕರಿಯಜ್ಜ ನನ್ನನ್ನೇ ನೋಡಿದ. ‘ಲೇ ಮೂಡ್ಲ, ನಮಗೆ ಗೊತ್ತಿಲ್ಲೇನಲೇ? ಎಲ್ಲಾರ ಹಿಂಡಿನಾಗೂ ಅವೆ. ಬಾಯಾಗೆ ಆಡಿದೋನು ನೀನೊಬ್ನೇ. ಆಡಿದ್ ಮ್ಯಾಲೆ ಬಿಡಬೇಕು.’

‘ಬಿಡ್ತೀನಿ.’

‘ಎಷ್ಟು ಅವೆ?’

‘ಇನ್ನೂ ಉಳಿದಿರೋವು ಏಳು.’

ಕೆಂಚಿಯ ಮರಿಯೂ ಸೇರಿ ಏಳು. ನನ್ನ ಹಿಂಡಿನ ಗಟ್ಟಿ ಮರಿಗಳೆಂದರೆ ಅವೇ. ಹನುಮಕ್ಕ ತಲೆ ಎತ್ತಲಿಲ್ಲ. ಒಂದೊಂದನ್ನೇ ಹಿಡಿದು ತಂದು ಗುಡಿಯ ಕಲ್ಲಿಗೆ ಮುಟ್ಟಿಸಿ ಬಿಟ್ಟೆ. ಅಷ್ಟು ಹೊತ್ತೂ ಮೇಡಂ ನಿಂತ ಕಡೆಯಿಂದ ಕದಲಲಿಲ್ಲ. ಆಮೇಲೆ ಬೀರಪ್ಪನ ಟಗರಿಗೆ ಬೆಲ್ಲ ತೋರಿಸಿ, ಕತ್ತು ಕೆರೆಯುತ್ತ ಕೆರೆಯುತ್ತ, ಪೂಜಾರಿಯ ಕಣ್ಣೆದುರೇ ಚಿವುಟಿ ಚಿವುಟಿ ಕೂದಲು ಕಿತ್ತರು. ಟಗರು ಒಂದು ಸಲ ತಲೆ ಕೊಡವಿ ಅವರ ತೊಡೆಗೆ ಗುದ್ದಿತು. ‘ಕೊಟ್ನಲ್ಲವ್ವ ದೇವ್ರು!’ ಎಂದ ಅಜ್ಜ. ಎಲ್ಲರೂ ನಕ್ಕರು. ಮೇಡಂ ತೊಡೆ ಉಜ್ಜಿಕೊಳ್ಳುತ್ತ ನನ್ನ ಹತ್ತಿರ ಬಂದು, ಮೆಲ್ಲಗೆ, ‘ನನ್ ಪುಸ್ತಕ ಸರಿ ಮಾಡಾಕೆ ನಿನ್ನ ಮರಿ ಹೋದ್ವಲ್ಲಪ್ಪ’ ಎಂದರು.

‘ಪುಸ್ತಕದಾಗಿರೋದು ನನ್ನ ಮಾತು ಮೇಡಂ’ ಎಂದೆ.

ಕೂದಲಿನ ಗುರುತು ಮರಿಗಳ ರಕ್ತಕ್ಕೆ ಕೂಡಿತು. ಆ ಕಾಣದ ಅಪ್ಪ ಬೀರಪ್ಪನ ಟಗರೇ. ವಿಭಾಗದವರ ಮುಂದೆ ಮೇಡಂ ಅದನ್ನು ಹೇಳಿದಾಗ ಈಸ್ಟ್ ಸಾಹೇಬರು ಎದ್ದು ನಿಂತು, ಮೊದಲು ಬರೆದ ತಪ್ಪನ್ನೂ ಬಿಡದೆ ಅಚ್ಚು ಹಾಕಿಸಿ ಎಂದರಂತೆ. ಕುರಿಯ ಕೆಲಸ ನಿಲ್ಲಲಿಲ್ಲ. ಅದಾಗಿ ವರ್ಷದೊಳಗೆ ಹಟ್ಟಿಯ ಇನ್ನಿಬ್ಬರು ತಾವಾಗಿಯೇ ಗುಡಿಗೆ ಮರಿ ಬಿಟ್ಟರು. ಉಳಿದವರು ಇಂದಿಗೂ ನನ್ನ ಜೊತೆ ಮಾತು ಕಡಿಮೆ.

ಕೊನೆಯ ಸಲ ಅವರು ಬಂದದ್ದು ಎರಡು ಸಾವಿರ ದಾಟಿದ ಮೇಲೆ, ಕೆಲಸದಿಂದ ನಿವೃತ್ತಿಯಾಗುವುದಕ್ಕೆ ಕೆಲವು ತಿಂಗಳ ಮುಂಚೆ. ರಿಜಿಸ್ಟರ್ ತಂದಿದ್ದರು. ತಂದೆಯ ಕಾಲಮ್ಮಿನಲ್ಲಿ ಹಳೆಯ ತಪ್ಪುಗಳು ಹಾಗೇ ಇದ್ದವು.

‘ನೀವೇ ತಿದ್ದಬೇಕಿತ್ತು ಮೇಡಂ’ ಎಂದೆ.

‘ಹೇಳಿದೋನು ನೀನು. ನನ್ ಕೈಲಿ ಯಾಕೆ ತಿದ್ದುಸ್ತೀಯ?’ ಎಂದು ಪೆನ್ನು ಕೊಟ್ಟರು.

ಸ್ಕೂಲು ಬಿಟ್ಟ ಮೇಲೆ ನಾನು ಅಷ್ಟು ಬರೆದದ್ದು ಅದೇ. ಆ ಗಟ್ಟಿ ಮರಿಗಳ ಮುಂದೆ ಬಿಳಿಮೂತಿ ಎಂದಿದ್ದ ಕಡೆಯೆಲ್ಲ ಒಂದು ಗೆರೆ ಎಳೆದು, ಪಕ್ಕದಲ್ಲಿ ‘ಬೀರಪ್ಪನ ಟಗರು’ ಎಂದು ಬರೆದೆ. ‘ಪ್ಪ’ ಒತ್ತು ನಾಲ್ಕು ಕಡೆ ನಾಲ್ಕು ಥರ ಬಂತು. ಮಧ್ಯಾಹ್ನವೆಲ್ಲ ಹಿಡಿಯಿತು. ಅವರು ರೊಪ್ಪದ ಸುತ್ತ ಸುತ್ತುತ್ತಿದ್ದರು; ಈಗ ನಡಿಗೆಯಲ್ಲಿ ಸ್ವಲ್ಪ ಎಳೆತವಿತ್ತು, ನಡುನಡುವೆ ಬೇಲಿಯ ಗೂಟ ಹಿಡಿದು ಉಸಿರು ತೆಗೆದುಕೊಳ್ಳುತ್ತಿದ್ದರು. ಏನಾಗಿದೆ ಎಂದು ಹನುಮಕ್ಕ ಕೇಳಿದ್ದಕ್ಕೆ, ‘ಗಾಡಿ ಹಳೇದಾತು ಕಣೆ’ ಎಂದು ತೇಲಿಸಿಬಿಟ್ಟರು.

ಬರೆದು ಮುಗಿಸಿ ಕೊಟ್ಟೆ. ಮುಗಿಯಿತಲ್ಲ ಎಂದು ನಾನು ಉಸಿರು ಬಿಡುವಷ್ಟರಲ್ಲಿ, ‘ಸರಿ. ಈಗ ಆ ಟಗರಿನ ಅವ್ವ ಯಾರು? ಗಟ್ಟಿತನ ಅದಕ್ಕೆ ಎಲ್ಲಿಂದ ಬಂತು? ಎಲ್ಲೋ ಒಂದು ಹಿಂಡಿನಾಗೆ ಅದರ ಅಕ್ಕತಂಗೇರು ಇರ್ಬೇಕಲ್ಲ’ ಎಂದರು.

‘ದೇವರಿಗೆ ಬಿಟ್ಟಿದ್ದು ಮೇಡಂ. ಎಲ್ಲಿಂದ ಬಂತು ಅಂತ ಯಾರೂ ಕೇಳಲ್ಲ.’

‘ನೀನು ಕೇಳು’ ಎಂದು ಜೀಪು ಹತ್ತಿದರು. ಡ್ರೈವರ್ ಗಾಡಿ ತಿರುಗಿಸುವಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ, ‘ಬೇಗ ಕೇಳೋ!’ ಎಂದು ಕೂಗಿದರು.

ಹಿಂಡು ಬಿಟ್ಟು ತಿರುಗುವುದು ಸುಲಭವಲ್ಲ. ಆದರೂ ತಿರುಗಿದೆ. ಆ ಟಗರನ್ನು ಬಿಟ್ಟ ಮನೆಯವರು ಊರು ಬಿಟ್ಟು ಹೊಸದುರ್ಗದ ಆಚೆ ಹೋಗಿದ್ದರು. ಅಲ್ಲಿ ಹೋದರೆ ಮನೆಯ ಯಜಮಾನನಿಗೆ ಏನೂ ನೆನಪಿಲ್ಲ, ಅವನ ತಾಯಿಗೆ ನೆನಪಿತ್ತು. ಅವಳ ಮಾತು ಹಿಡಿದು ಹೊಳಲ್ಕೆರೆ ಕಡೆಯ ಒಂದು ಹಳ್ಳಿಗೆ ಎರಡು ಸಲ ಹೋದೆ. ಎಂಟು ತಿಂಗಳು ಹಿಡಿಯಿತು. ಸಿಕ್ಕಿತು. ಕುಣಿಯುವಷ್ಟು ಸಂತೋಷವಾಗಿ, ಹಿರಿಯೂರಿನ ಎಸ್‌ಟಿಡಿ ಬೂತಿನಿಂದ ವಿಭಾಗಕ್ಕೆ ಫೋನು ಹಚ್ಚಿದೆ.

ಎತ್ತಿದವಳು ಮೇಡಂ ಹತ್ತಿರ ಓದುತ್ತಿದ್ದ ಹೆಣ್ಣುಮಗಳು. ಮೇಡಂ ತೀರಿಕೊಂಡು ಇಪ್ಪತ್ತು ದಿನವಾಯಿತು ಎಂದಳು. ಎದೆಯ ಕಾಯಿಲೆಯಂತೆ. ಯಾರಿಗೂ ಹೇಳಿರಲಿಲ್ಲವಂತೆ. ಬೂತಿನ ಹೊರಗೆ ಹೆದ್ದಾರಿಯ ಬಸ್ಸುಗಳು ಒಂದರ ಹಿಂದೊಂದು ಹೋಗುತ್ತಿದ್ದವು. ನಾನು ರಿಸೀವರ್ ಹಿಡಿದೇ ನಿಂತಿದ್ದೆ.

‘ನೀವು ಮೂಡ್ಲಪ್ಪನೋರಾ? ಮೇಡಂ ಹೇಳಿದ್ರು, ನೀವು ಫೋನ್ ಮಾಡ್ತೀರ ಅಂತ’ ಎಂದಳು ಆ ಹುಡುಗಿ. ‘ರಿಜಿಸ್ಟರ್ ನನ್ನ ಹತ್ರಾನೇ ಇದೆ. ಹೇಳಿ, ಬರ್ಕೊಳ್ತೀನಿ. ತಾಯಿ ಯಾರು?’

ಹೇಳಿದೆ. ಎಡಗಿವಿ ಸೀಳಿದ ಕರಿ ಕುರಿ, ಹೊಳಲ್ಕೆರೆ ಕಡೆಯವರು ಹೊಟ್ಟೆಯಲ್ಲಿ ಮರಿ ಇದ್ದಾಗಲೇ ಮಗಳ ಮದುವೆಯಲ್ಲಿ ಬಳುವಳಿಯಾಗಿ ಕೊಟ್ಟದ್ದು. ಅದರ ಪೀಳಿಗೆಯ ಹೆಣ್ಣುಕುರಿಗಳು ಒಂಬತ್ತು ಇನ್ನೂ ಆ ಹಿಂಡಿನಲ್ಲಿವೆ, ಕಣ್ಣಾರೆ ಕಂಡು ಬಂದಿದ್ದೇನೆ. ಅವಳು ಒಂದೊಂದನ್ನೇ ಬರೆದುಕೊಳ್ಳುವ ಸದ್ದು ಕೇಳುತ್ತಿತ್ತು.

‘ತಂದೆ?’ ಎಂದಳು.

ಆ ಹಿಂಡಿನ ಯಜಮಾನ ಒಂದು ಟಗರಿನ ಹೆಸರು ಹೇಳಿದ್ದ. ನಾನು ಬಿಳಿಮೂತಿ ಎನ್ನುತ್ತಿದ್ದ ಹಾಗೆಯೇ ಥಟ್ಟನೆ, ಒಂದಿಷ್ಟೂ ಯೋಚಿಸದೆ ಹೇಳಿದ್ದ. ಆ ಹೆಸರು ನನ್ನ ನಾಲಗೆಯ ತುದಿಯಲ್ಲಿತ್ತು.

‘ಮೂಡ್ಲಪ್ಪನೋರೆ, ಲೈನ್‌ನಲ್ಲಿದ್ದೀರಾ? ತಂದೆ ಕಾಲಂ ಖಾಲಿ ಬಿಡ್ಲಾ?’

‘ಖಾಲಿ ಬಿಡಬ್ಯಾಡವ್ವ’ ಎಂದೆ. ‘ಗೊತ್ತಿಲ್ಲ ಅಂತ ಬರ್ಕ. ಮೂಡ್ಲಪ್ಪಂಗೆ ಗೊತ್ತಿಲ್ಲ ಅಂತ.’